ನಮ್ಮಣ್ಣನ ಬಾಡಿಲೈನ್

ನಮ್ಮ ಮನೆಯ ಹಿಂದೆ ಏನಾದರೊಂದು ಆಗದೆ ಭಾನುವಾರ ಮುಗಿಯುವುದೇ ಇಲ್ಲ. ಯಾರೋ ಒಬ್ಬರು ಪಕ್ಕೆ ಹಿಡಿದುಕೊಂಡು ನೆಲದ ಮೇಲೆ ಕೂತಿರುತ್ತಾರೆ, ಇನ್ಯಾರೋ ಅವರಿಗೆ ನೀರು ಕುಡಿಸುತ್ತಿರುತ್ತಾರೆ, ನಮ್ಮಣ್ಣ ಸ್ವಲ್ಪ ದೂರದಲ್ಲಿ ನಿಂತು, "ಜೋರಾಗಿ ಬಿತ್ತೇನಣ್ಣ?" ಎಂದು ವಿಚಾರಿಸುತ್ತಿರುತ್ತಾನೆ. ಅಲ್ಲಿ ಕ್ರಿಕೆಟ್ ನಡೆಯುತ್ತಿದೆ ಎಂದು ಹೊಸಬರಿಗೆ ಹೇಳಿದರೆ ನಂಬುವುದಿಲ್ಲ.

ನಾನು ಇದನ್ನೆಲ್ಲ ನೋಡುವುದು ತಾರಸಿಯ ಮೇಲಿಂದ. ಕಡೂರಿನಲ್ಲಿ ಇಂಗ್ಲಿಷ್ ಮೀಡಿಯಂ ಓದಿ, ಈಗ ಅಂಥದ್ದೇ ಒಂದು ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಪಾಠ ಮಾಡುತ್ತೇನೆ. ಆ ಮಕ್ಕಳ ಮುಂದೆ ಬಿಟ್ಟರೆ ಬೇರೆಲ್ಲೂ ನನಗೆ ಗಂಟಲು ಬಿಡುವುದಿಲ್ಲ. ಬಸ್ಸಿನಲ್ಲಿ "ಸ್ಟಾಪ್ ಬಂತು" ಎನ್ನಲು ನಾಚಿಕೆಯಾಗಿ ಮುಂದಿನ ಊರಿನಲ್ಲಿಳಿದು ನಡೆದು ಬಂದವಳು ನಾನು. ಆದರೆ ಕಣ್ಣಿಗೆ ನಾಚಿಕೆಯಿಲ್ಲವಲ್ಲ. ಸುಮ್ಮನೆ ಕೂತು ನೋಡುತ್ತಿರುತ್ತೇನೆ.

ಈ ವರ್ಷ ನೋಡುವುದಕ್ಕೆ ಒಂದು ವಿಶೇಷವೂ ಇತ್ತು. ಕಡೂರು, ತರೀಕೆರೆ, ಅಜ್ಜಂಪುರ, ಮೂರೂ ತಾಲ್ಲೂಕು ಸೇರಿಸಿ ಒಂದು ಟೀಮು ಕಟ್ಟುತ್ತಾರಂತೆ, ಅದಕ್ಕೆ ಆಟಗಾರರನ್ನು ಆರಿಸಲು ತರೀಕೆರೆಯ ನಿವೃತ್ತ ಪಿ.ಟಿ. ಮೇಷ್ಟ್ರು ಊರೂರು ತಿರುಗುತ್ತಿದ್ದಾರಂತೆ ಎಂದು ಸುದ್ದಿ ಬಂತು. ಅಣ್ಣ ಆ ಟೀಮಿಗೆ ಸೇರಲೇಬೇಕೆಂದು ಕೂತ. ಕೂತ ಅನ್ನುವುದು ಸರಿಯಲ್ಲ, ಸೇರಿಯೇಬಿಟ್ಟವನ ಹಾಗೆ ಎದ್ದು ಓಡಾಡತೊಡಗಿದ. ಬೆನ್ನ ಮೇಲೆ ಹೆಸರು ಬರೆಸಿದ ಜೆರ್ಸಿ ಹೊಲಿಸಿ ತಂದ. ಅಮ್ಮ ಹಿರೇನಲ್ಲೂರಿನ ಸಂಬಂಧಿಕರಿಗೆಲ್ಲ ಫೋನ್ ಮಾಡಿ ಹೇಳಿಬಿಟ್ಟಳು. ಇನ್ನು ಉಳಿದಿದ್ದು ಆಯ್ಕೆಯಾಗುವುದೊಂದೇ.

ಅರ್ಧ ಮೈದಾನ

ಸಿಂಗಟಗೆರೆ ಹತ್ತಿರದ ನಮ್ಮೂರಿನ ಮೈದಾನಕ್ಕೆ ಇರುವುದು ಒಂದೇ ಪಕ್ಕ. ಪಿಚ್ಚಿನ ಇನ್ನೊಂದು ಬದಿಗೆ, ಬ್ಯಾಟು ಚಾಚಿದರೆ ತಗಲುವಷ್ಟು ಹತ್ತಿರ, ಕತ್ತಾಳೆ ಬೇಲಿ. ಬೇಲಿಯಾಚೆ ಒಬ್ಬ ಅಜ್ಜಿಯ ತೆಂಗಿನ ತೋಟ. ತೋಟಕ್ಕೆ ಬಿದ್ದ ಬಾಲು ತೋಟದಜ್ಜಿಗೆ ಸೇರಿದ್ದು. "ಮರದಿಂದ ಬಿದ್ರೂ ನಂದೇ, ಬೇಲಿ ಹಾರಿ ಬಿದ್ರೂ ನಂದೇ" ಎಂಬುದು ಅವಳ ಕಾನೂನು. ಬಾಲನ್ನು ಎರಡು ಹೋಳು ಮಾಡಿ ಮಂಚದ ಕಾಲಿನ ಕೆಳಗೆ ಕೊಟ್ಟುಕೊಳ್ಳುತ್ತಾಳೆ. ಮಂಚಗಳೆಲ್ಲ ಮುಗಿದು ಈಗ ಕುರ್ಚಿಗಳ ಸರದಿ.

ಹಾಗಾಗಿ ತೋಟದ ಕಡೆ ಹೊಡೆದರೆ ಔಟು, ಹೊಡೆದವನೇ ಹೊಸ ಬಾಲು ತರಬೇಕು. ನಾವು ಬೌಲ್ ಮಾಡುವುದು ಒಂದೇ ತುದಿಯಿಂದ. ಆದ್ದರಿಂದ ಬಲಗೈ ಬ್ಯಾಟ್ಸ್‌ಮನ್ನಿಗೆ ಆಫ್ ಸೈಡ್ ಎನ್ನುವುದೇ ಇಲ್ಲ. ಎಡಗೈಯವರಿಗೆ ಬ್ಯಾಟು ಕೊಡುವುದಿಲ್ಲ, ಸ್ಕೋರು ಹೇಳಲು ಕೂರಿಸುತ್ತೇವೆ. ಫೀಲ್ಡರುಗಳೆಲ್ಲ ಬ್ಯಾಟ್ಸ್‌ಮನ್ನಿನ ಕಾಲಿನ ಕಡೆಯೇ, ಮದುವೆಯಲ್ಲಿ ಊಟಕ್ಕೆ ಕಾದವರ ಹಾಗೆ ಗುಂಪಾಗಿ ನಿಲ್ಲುತ್ತಾರೆ. ಕೀಪರ್ ಕೂಡ ಸ್ಟಂಪಿನ ಹಿಂದೆ ಇರುವುದಿಲ್ಲ, ಅಲ್ಲಿಗೂ ಬೇಲಿ ಬಾಗಿಕೊಂಡಿರುವುದರಿಂದ ಕೂತರೆ ಮುಳ್ಳು ಹಿಂದಿನಿಂದ ವಿಚಾರಿಸಿಕೊಳ್ಳುತ್ತದೆ. ಅವನೂ ಈಚೆ ಸರಿದು ಬ್ಯಾಟ್ಸ್‌ಮನ್ನಿನ ಬೆನ್ನ ಹಿಂದೆ, ಎದೆಯ ಮುಂದೆ ಎರಡು ಕೈ ಹಿಡಿದು ನಿಂತುಬಿಡುತ್ತಾನೆ.

ಇಂಥ ಮೈದಾನದಲ್ಲಿ ಅಣ್ಣ ನೇರವಾಗಿ ಪಕ್ಕೆಗೆ ಹಾಕುತ್ತಿದ್ದ. ಲಾರಿಗೆ ತೆಂಗಿನಕಾಯಿ ಎಸೆದೆಸೆದು ಪಳಗಿದ ಉದ್ದ ಕೈ, ವಿಪರೀತ ವೇಗ, ಗಟ್ಟಿ ಬಾಲು. ಬ್ಯಾಟ್ಸ್‌ಮನ್ ಪಕ್ಕೆ ಉಳಿಸಿಕೊಳ್ಳಲು ಬ್ಯಾಟು ಅಡ್ಡ ಹಿಡಿದರೆ ಅದು ಗುಂಪಿನಲ್ಲಿ ಯಾರ ಕೈಗಾದರೂ ಹೋಗುತ್ತಿತ್ತು. ಹಿಡಿಯದಿದ್ದರೆ ಆಗಲೇ ಹೇಳಿದೆನಲ್ಲ, ನೀರು ಕುಡಿಸುತ್ತಿದ್ದರು.

ಒಮ್ಮೆ ಹೊರಗಿನ ಟೀಮಿನವನೊಬ್ಬ ನಮ್ಮ ಕ್ಯಾಪ್ಟನ್ನನ್ನು, "ಅಲ್ರೀ, ನಿಮ್ಮೂರಲ್ಲಿ ಆಫ್ ಸೈಡು ಯಾವಾಗ ಬರ್ತದೆ?" ಎಂದು ಕೇಳಿದ. ಹಿಟ್ಟಿನ ಗಿರಣಿ ನಡೆಸುವ ನಮ್ಮ ಕ್ಯಾಪ್ಟನ್ ದನಿ ತಗ್ಗಿಸಿ, "ಅಜ್ಜಿ ಹೋದ್ಮೇಲೆ" ಎಂದ.

ಬೇಲಿಯಾಚೆಯಿಂದ ಉತ್ತರ ಬಂತು: "ಕೇಳಿಸ್ತು ಕಣೋ. ನಿನ್ನನ್ನ ಕಳಿಸಿಯೇ ಹೋಗೋದು ನಾನು."

ದಿಂಬು

ಅಣ್ಣನ ಹೆಸರು ಹಬ್ಬಿದ ಮೇಲೆ ಹೊರಗಿನವರು ತಯಾರಾಗಿ ಬರತೊಡಗಿದರು. ಒಬ್ಬ ಓಪನರ್ ಅಂಗಿಯೊಳಗೆ ಬೂರುಗದ ಹತ್ತಿಯ ದಿಂಬು ಕಟ್ಟಿಕೊಂಡು ಬಂದ. ಬಂದವನು ದಿಂಬನ್ನು ತಟ್ಟಿ, "ಹಾಕೋ ಈಗ, ನೋಡೇಬಿಡಾಣ" ಎಂದ.

ಅಣ್ಣ ಹಾಕಿದ. ದಿಂಬು ಬಿರಿಯಿತು. ಹತ್ತಿ ಮೇಲೆದ್ದು ಪಿಚ್ಚಿನ ತುಂಬ ಮಂಜು ಕವಿದ ಹಾಗಾಯಿತು. ಬಾಲು ಕಾಣಿಸಲಿಲ್ಲ. ಓಪನರ್ ಓಡತೊಡಗಿದ. ಅರ್ಧ ದಾರಿಯಲ್ಲಿ ಕೀಪರ್ ಕೂಗಿದ: "ಲೇ, ಬಾಲು ಅವನ ಹೊಟ್ಟೇಲೇ ಐತೆ ಕಣ್ರೋ!"

ನಿಜ, ಬಾಲು ದಿಂಬಿನೊಳಗೇ ಕೂತಿತ್ತು. ಬಾಲೇ ಓಡುತ್ತಿರುವಾಗ ರನ್ ಔಟ್ ಮಾಡುವುದು ಹೇಗೆ? ನಮ್ಮ ಕ್ಯಾಪ್ಟನ್ ಹೆಚ್ಚು ಯೋಚಿಸುವವನಲ್ಲ. ಓಪನರನ್ನು ಸೊಂಟ ಹಿಡಿದು ಎತ್ತಿಕೊಂಡು ಹೋಗಿ, ಅವನ ಸಮೇತ ಸ್ಟಂಪಿನ ಮೇಲೆ ಬಿದ್ದ. "ಔಟು! ಬಾಲು ಸ್ಟಂಪಿಗೆ ತಾಗ್ತಾ ಇಲ್ವಾ? ಮಧ್ಯೆ ಒಬ್ಬ ಆಳಿದ್ದ ಅಷ್ಟೇ."

"ಔಟೋ ನಾಟೌಟೋ ಆಮೇಲೆ ನೋಡ್ಕಳ್ರಪ್ಪ," ಎಂದು ಓಪನರ್ ಕೆಳಗಿನಿಂದ ಗೋಗರೆದ, "ದಿಂಬು ನಮ್ಮತ್ತೇದು. ಮೊದ್ಲು ಹತ್ತಿ ಆರಿಸ್ರೋ!"

ಎರಡೂ ಟೀಮಿನವರು ಬಗ್ಗಿ ಹತ್ತಿ ಆರಿಸುವುದನ್ನು ಕಂಡು ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬರು ಬೈಕು ನಿಲ್ಲಿಸಿ, "ಕೂಲಿ ಎಷ್ಟಪ್ಪಾ?" ಎಂದು ಕೇಳಿದರು.

ನೋಟೀಸು ಬಂದಿಲ್ಲ

ಔಟೋ ಅಲ್ಲವೋ ಎಂಬ ಜಗಳ ಮಾತ್ರ ನಿಲ್ಲಲಿಲ್ಲ. ಕೊನೆಗೆ ಎಲ್ಲರೂ ನಮ್ಮ ತಾರಸಿಯ ಕೆಳಗೆ ಬಂದು ನಿಂತರು. "ಇಂಗ್ಲಿಷ್ ಮೀಡಿಯಂ ಅಲ್ವೇನವ್ವ ನೀನು? ರೂಲ್ಸು ಇಂಗ್ಲಿಷ್ನಾಗೇ ಇರೋದು. ಓದಿ ಹೇಳು."

ಮೊಬೈಲಿನಲ್ಲಿ ಹುಡುಕಿ ಓದಿದೆ. ಬಾಲು ಬ್ಯಾಟ್ಸ್‌ಮನ್ನಿನ ಬಟ್ಟೆಯಲ್ಲಿ ಸಿಕ್ಕಿಕೊಂಡರೆ ಆಟ ಅಲ್ಲಿಗೇ ನಿಂತಂತೆ, ಔಟಲ್ಲ ಎಂದೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಇಂಗ್ಲಿಷ್ ಮೀಡಿಯಂ ಅಭ್ಯಾಸ, ಪುಟ ಪೂರ್ತಿ ಓದದೆ ಕೆಳಗಿಡಲಾಗುವುದಿಲ್ಲ. ಮುಂದಿನದೂ ಬಾಯಿಗೆ ಬಂತು: ಬ್ಯಾಟ್ಸ್‌ಮನ್ನಿನ ಕಾಲಿನ ಕಡೆ, ಕ್ರೀಸಿನ ಹಿಂದೆ ಇಬ್ಬರಿಗಿಂತ ಹೆಚ್ಚು ಫೀಲ್ಡರು ನಿಲ್ಲುವಂತಿಲ್ಲ. ಬಹಳ ಹಿಂದೆ ಇಂಗ್ಲೆಂಡಿನವರು ಆಸ್ಟ್ರೇಲಿಯಾಕ್ಕೆ ಹೋಗಿ, ಅವರ ಬ್ಯಾಟ್ಸ್‌ಮನ್ನರನ್ನು ಔಟ್ ಮಾಡಲಾಗದೆ, ಎಲ್ಲರನ್ನೂ ಒಂದೇ ಪಕ್ಕ ನಿಲ್ಲಿಸಿ ಮೈಗೆ ಗುರಿಯಿಟ್ಟು ಹಾಕಿದರು, ಅದಕ್ಕೆ ಬಾಡಿಲೈನ್ ಎನ್ನುತ್ತಾರೆ, ದೇಶದೇಶಕ್ಕೇ ಜಗಳವಾಗಿ ಆಮೇಲೆ ಅದನ್ನು ನಿಷೇಧಿಸಿದರು.

ಕೆಳಗಿದ್ದವರೆಲ್ಲ ಕತ್ತೆತ್ತಿ ನನ್ನನ್ನೇ ನೋಡಿದರು. ನಾನು ಅಷ್ಟು ಮಾತಾಡಿದ್ದಕ್ಕೋ, ನಿಷೇಧಕ್ಕೋ, ಗೊತ್ತಾಗಲಿಲ್ಲ.

ಕ್ಯಾಪ್ಟನ್ ಕೇಳಿದ: "ಬ್ಯಾನಾಗಿದ್ದು ಯಾವಾಗ?"

"ನಮ್ಮ ತಾತ ಹುಟ್ಟಿದ ಕಾಲದ ಸುಮಾರಿಗೆ."

"ಮತ್ತೆ ನಮ್ಗೆ ಯಾಕೆ ಹೇಳ್ಲಿಲ್ಲ?" ಅವನಿಗೆ ನಿಜವಾಗಿಯೂ ಬೇಜಾರಾಗಿತ್ತು. "ಪಂಚಾಯ್ತಿಗೊಂದು ನೋಟೀಸು ಕೊಡ್ಬಾರ್ದಾ? ನಾವೇನು ಬೇಡ ಅಂತಿದ್ವಾ?"

ಆ ಸಂಜೆಯೇ ಕ್ಯಾಪ್ಟನ್ನಿಗೆ ತರೀಕೆರೆ ಮೇಷ್ಟ್ರ ಫೋನು ಬಂತು. ಮುಂದಿನ ಭಾನುವಾರ ಬುಕ್ಕಾಂಬುಧಿ ಟೀಮಿನ ಜೊತೆ ಬರುತ್ತಾರೆ, ಅಂಪೈರಿಂಗು ಅವರದೇ. ಕಾಲಿನ ಕಡೆ ಐವರಿಗಿಂತ ಹೆಚ್ಚು ಫೀಲ್ಡರು ಕೂಡದು, ಅದರಲ್ಲೂ ಹಿಂದೆ ಇಬ್ಬರೇ. "ನಿಮ್ಮ ಬೌಲರ್ ಸಮಾಚಾರ ಕೇಳಿದೀನಿ. ಸ್ಟಂಪಿಗೆ ಹಾಕೋನಾದ್ರೆ ತಗೋತೀನಿ. ಆಳಿಗೆ ಹೊಡೆಯೋನು ನನಗೆ ಬೇಡ" ಎಂದರಂತೆ.

ಅಣ್ಣ ಜೆರ್ಸಿಯನ್ನು ಹ್ಯಾಂಗರಿನಿಂದ ತೆಗೆದು ಮಡಚಿದ. ಆಮೇಲೆ ಮಡಿಕೆ ಬೀಳುತ್ತದೆಂದು ಮತ್ತೆ ನೇತುಹಾಕಿದ.

ಅಪ್ಪನ ಅಂಗಿ

ಸ್ಟಂಪಿಗೆ ಹಾಕುವುದನ್ನು ಕಲಿಸುವ ಕೆಲಸ ನನ್ನ ತಲೆಗೆ ಬಂತು. ರೂಲ್ಸು ಓದಿದವಳು ನಾನೇ ಅಲ್ಲವೆ. ಹಿತ್ತಿಲಲ್ಲಿ ಮೂರು ಕೋಲು ನೆಟ್ಟೆ. ಅಣ್ಣ ಬಾಲು ಹಿಡಿದು ಸುಮ್ಮನೆ ನಿಂತ.

"ಹಾಕು."

"ಯಾರಿಗೆ?"

"ಯಾರಿಗೂ ಅಲ್ಲ. ಸ್ಟಂಪಿಗೆ."

"ಅದೇ ಹೆಂಗೆ? ಅದೇನು ಹಿಡ್ಕೊಂಡಾತೇ?"

ಹಾಕಿದ. ಬಾಲು ಹುಣಸೆಮರಕ್ಕೆ ಹೋಯಿತು. ಮತ್ತೆ ಹಾಕಿದ, ಎಮ್ಮೆಯ ಕಲಗಚ್ಚಿನ ಬಾನಿಗೆ ಹೋಯಿತು. ಎದುರಿಗೆ ಮನುಷ್ಯನಿಲ್ಲದಿದ್ದರೆ ನಮ್ಮಣ್ಣನಿಗೆ ದಿಕ್ಕೇ ತೋಚುವುದಿಲ್ಲ. ಕೊನೆಗೆ ನಾನು ಅಪ್ಪನ ಹಳೆಯ ಚೌಕಳಿ ಅಂಗಿಯನ್ನು ತಂದು ಮೂರೂ ಕೋಲಿಗೆ ತೊಡಿಸಿದೆ. ನೋಡಿದರೆ, ಆರಕ್ಕೆ ಆರೂ ಅಂಗಿಯ ಗುಂಡಿಗೇ! ಅಣ್ಣನ ಮುಖ ಅರಳಿತು. ಮರುದಿನ ತೋಳು ಕತ್ತರಿಸಿದೆ, ಆಮೇಲೆ ಕಾಲರ್ ತೆಗೆದೆ. ಹೀಗೆ ನಿಧಾನವಾಗಿ ಬಟ್ಟೆ ಬಿಡಿಸಿದರೆ ಭಾನುವಾರದ ಹೊತ್ತಿಗೆ ಬರಿ ಸ್ಟಂಪಿಗೆ ಹಾಕುತ್ತಾನೆಂಬುದು ನನ್ನ ಲೆಕ್ಕ.

ಆ ಕಡೆಯಿಂದ ಅಪ್ಪ ಅದೇ ಬಟ್ಟೆಯಲ್ಲಿ ಹೊಲಿಸಿದ ಇನ್ನೊಂದು ಚೌಕಳಿ ಅಂಗಿ ತೊಟ್ಟು ಬಚ್ಚಲಿಗೆ ಹೊರಟಿದ್ದರು.

ಎದೆ ನೀವಿಕೊಳ್ಳುತ್ತ ಕಟ್ಟೆಯ ಮೇಲೆ ಕೂತ ಅಪ್ಪ ಹೇಳಿದ್ದು ಇಷ್ಟೇ: "ಕಲಿಸಮ್ಮ, ಕಲಿಸು. ಕಲಿಯೋ ಮಕ್ಕಳಿಗೆ ಅಡ್ಡ ಬರಬಾರ್ದು. ಆದ್ರೆ ನಾಳೆಯಿಂದ ಚಿಕ್ಕಪ್ಪನ ಅಂಗಿ ತಗೋ."

ತೋಟದ ಷರತ್ತು

ಇನ್ನೊಂದು ಸಮಸ್ಯೆ ಉಳಿದಿತ್ತು. ಕಾಲಿನ ಕಡೆ ಐವರೇ ಎಂದರೆ ಉಳಿದ ನಾಲ್ವರನ್ನು ಎಲ್ಲಿ ನಿಲ್ಲಿಸುವುದು? ಆ ಕಡೆ ಇರುವುದು ತೋಟವೊಂದೇ. ಅಜ್ಜಿಯ ಹತ್ತಿರ ಮಾತಾಡಲು ನನ್ನನ್ನೇ ಕಳಿಸಿದರು. ನಾನು ಎದುರುತ್ತರ ಕೊಡುವುದಿಲ್ಲವೆಂದು ಅಜ್ಜಿಗೆ ನನ್ನ ಮೇಲೆ ಒಳ್ಳೆಯ ಅಭಿಪ್ರಾಯ. ಅದು ಗುಣವಲ್ಲ, ಹೆದರಿಕೆ ಎಂದು ಅವಳಿಗೆ ಗೊತ್ತಿಲ್ಲ.

"ನಿಂತ್ಕೊಂಡು ಏನ್ಮಾಡ್ತಾರೆ?" ಎಂದಳು ಅಜ್ಜಿ.

"ಬಾಲು ಬಂದ್ರೆ ಹಿಡೀತಾರೆ."

"ಬರ್ದಿದ್ರೆ?"

"ನಿಂತಿರ್ತಾರೆ."

"ಅದಾಗಲ್ಲ. ನನ್ನ ತೋಟದಲ್ಲಿ ಸುಮ್ನೆ ನಿಲ್ಲಕ್ಕೆ ನನ್ನ ಗಂಡನ್ನೂ ಬಿಟ್ಟಿಲ್ಲ ನಾನು."

ಒಪ್ಪಂದ ಹೀಗಾಯಿತು. ನಾಲ್ವರೂ ಕುಡುಗೋಲು ಹಿಡಿದು ಬರಬೇಕು, ಬಿದ್ದ ಗರಿಗಳನ್ನು ಸೀಳಿ ಪೊರಕೆಗೆ ಕಡ್ಡಿ ತೆಗೆಯಬೇಕು. ತೋಟಕ್ಕೆ ಬಿದ್ದ ಬಾಲು ಎಂದಿನಂತೆ ಅಜ್ಜಿಯದೇ. ಒಂದು ಗರಿ ಪೂರ್ತಿ ಸೀಳಿಕೊಟ್ಟರೆ ಒಂದು ಬಾಲು ವಾಪಸ್. ಜಾಮೀನಿಗೆ ನಾನು ಅವತ್ತು ಅಜ್ಜಿಯ ಪಕ್ಕದಲ್ಲೇ ಕೂತಿರಬೇಕು.

ಕ್ಯಾಪ್ಟನ್ನಿಗೆ ಹೇಳಿದೆ. ಅವನು ಕುಡುಗೋಲು ಹುಡುಕಲು ಹೊರಟವನು ತಿರುಗಿ, "ಇಂಗ್ಲೆಂಡ್ನೋರಿಗೆ ಈ ಕಷ್ಟ ಇತ್ತೇನವ್ವ?" ಎಂದ.

ಸ್ಟಂಪಿನ ಹಿಂದೆ

ಭಾನುವಾರ ಮೇಷ್ಟ್ರು ಬಿಳಿ ಟೋಪಿ ಹಾಕಿಕೊಂಡು ಬಂದು ಅಂಪೈರಾಗಿ ನಿಂತರು. ಅಣ್ಣ ಜೆರ್ಸಿ ತೊಟ್ಟಿದ್ದ. ಅಮ್ಮ ಬೆಳಿಗ್ಗೆ ಹಚ್ಚಿದ ವಿಭೂತಿ ಆಗಲೇ ಬೆವರಿಗೆ ಕರಗಿತ್ತು. ಬುಕ್ಕಾಂಬುಧಿಯವರು ಬ್ಯಾಟಿಂಗಿಗೆ ಇಳಿದರು.

ತೋಟದಲ್ಲೂ ಫೀಲ್ಡರುಗಳಿರುವುದರಿಂದ ಆ ಕಡೆ ಹೊಡೆದರೆ ಇವತ್ತು ಔಟಲ್ಲ ಎಂದು ಗೊತ್ತಾಗಿದ್ದೇ ತಡ, ಅವರು ಬೇರೆ ಕಡೆ ಹೊಡೆಯುವುದನ್ನೇ ಬಿಟ್ಟರು. ಬಾಲು ಬೇಲಿ ಹಾರಿ ಬೀಳುತ್ತಿತ್ತು, ಅಜ್ಜಿ ಅದನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು. "ಕೊಡಜ್ಜಿ, ಓಡ್ತಾವ್ರೆ!" ಎಂದು ಫೀಲ್ಡರ್ ಬೇಡಿಕೊಂಡರೆ, "ಓಡ್ಲಿ, ನೀನು ಗರಿ ಮುಗ್ಸು. ತುದಿ ಬಿಟ್ಟೀಯ, ನೋಡ್ಕೊ" ಎನ್ನುತ್ತಿದ್ದಳು. ಬುಕ್ಕಾಂಬುಧಿಯವರು ಓಡಿ ಓಡಿ ಕೊನೆಗೆ ಪಿಚ್ಚಿನ ಮಧ್ಯೆಯೇ ಕೂತು ನೀರು ತರಿಸಿಕೊಂಡರು.

ಅದಕ್ಕಿಂತ ಕೆಟ್ಟದ್ದು ಅಣ್ಣನ ಬೌಲಿಂಗು. ಕಣ್ಣು ಕೀಲಿಸಿ ಸ್ಟಂಪನ್ನೇ ನೋಡುತ್ತ ಓಡಿ ಬರುತ್ತಿದ್ದ, ಕೊನೆಯ ಹೆಜ್ಜೆಯಲ್ಲಿ ಏನಾಗುತ್ತಿತ್ತೋ, ಬಾಲು ಪಕ್ಕೆಗೆ. ಒಬ್ಬನಿಗೆ ಬಿತ್ತು. ಇನ್ನೊಬ್ಬನಿಗೂ ಬಿತ್ತು. ಮೇಷ್ಟ್ರು ಆಟ ನಿಲ್ಲಿಸಿ, ಊರಿಗೆಲ್ಲ ಕೇಳುವಂತೆ ಹೇಳಿದರು: "ಇನ್ನೊಂದು ಸಲ ಆಳಿಗೆ ತಗುಲಿದ್ರೆ ನಿನ್ನ ಕೈಲಿ ಬಾಲು ಕೊಡಲ್ಲ. ಟೀಮನ್ನಂತೂ ಮರೆತುಬಿಡು."

ಅಣ್ಣ ತಲೆತಗ್ಗಿಸಿ ಹಿಂದಕ್ಕೆ ನಡೆದ. ಬೆನ್ನ ಮೇಲಿನ ಹೆಸರು ಮಾತ್ರ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

ಅವನು ಮತ್ತೆ ಹಾಕಿದ. ಈ ಸಲ ಬ್ಯಾಟ್ಸ್‌ಮನ್ ಬ್ಯಾಟು ಬಿಟ್ಟು ಅತ್ತ ನೆಗೆದ. ಬಾಲು ನೇರವಾಗಿ ಹೋಗಿ, ಅವನ ಹಿಂದಿದ್ದ ಕೀಪರ್ ಎದೆಯ ಮುಂದೆ ಹಿಡಿದಿದ್ದ ಎರಡು ಕೈಯೊಳಗೆ ಚಟ್ಟನೆ ಕೂತಿತು. ಕೀಪರ್ ಕೈ ಅಲುಗಿಸಲೂ ಇಲ್ಲ. ಬಾಲನ್ನು ಪಕ್ಕಕ್ಕಿಟ್ಟು ಮತ್ತೆ ಅಲ್ಲೇ ಕೈ ಹಿಡಿದ.

ಆಗ ನನಗೆ ಹೊಳೆಯಿತು. ಈ ಕೀಪರೂ ಅಣ್ಣನೂ ವಾರವೆಲ್ಲ ತೆಂಗಿನಕಾಯಿ ಲೋಡು ಮಾಡುವ ಜೋಡಿ. ಅಣ್ಣ ಕೆಳಗಿನಿಂದ ಎಸೆಯುತ್ತಾನೆ, ಅವನು ಲಾರಿಯ ಮೇಲೆ ಹೀಗೆಯೇ ಎದೆಯ ಮುಂದೆ ಹಿಡಿದು ಜೋಡಿಸುತ್ತಾನೆ. ಬಾಲು ಅಲ್ಲಿಗೇ ಬರುತ್ತದೆಂದು ಕೀಪರ್ ಅಲ್ಲಿ ನಿಂತಿದ್ದಾನೆ, ಕೀಪರ್ ಅಲ್ಲಿ ನಿಂತಿದ್ದಾನೆಂದು ಬಾಲು ಅಲ್ಲಿಗೇ ಹೋಗುತ್ತಿದೆ!

ಕೂಗಬೇಕೆಂದು ಎದ್ದು ನಿಂತೆ. ಬಾಯಿ ತೆರೆಯಿತು, ದನಿ ಬರಲಿಲ್ಲ. ಎರಡೂ ಊರಿನ ಗಂಡಸರು ನನ್ನತ್ತ ತಿರುಗಿದರು. ನಾನು ಕೂತುಬಿಟ್ಟೆ. ಅಜ್ಜಿಯ ಕಿವಿಯಲ್ಲಿ ಪಿಸುಗುಟ್ಟಿದೆ. ಅಜ್ಜಿ ಎಲೆಅಡಿಕೆ ಉಗುಳಿ ಬೇಲಿಗೆ ಬಂದು ನಿಂತಳು.

"ಲೇ ಕೀಪರ್ರು! ಆ ಮೂರು ಕಡ್ಡಿ ಹಿಂದಕ್ಕೆ ಹೋಗಿ ಕೂತ್ಕಳೋ!"

"ಮುಳ್ಳು ಚುಚ್ತದಜ್ಜಿ!"

"ಚುಚ್ಲಿ, ಕೂತ್ಕಾ! ಚುಚ್ಚಿದ್ರೇನೇ ನೀನು ಹಿಂದಕ್ಕೆ ಸರಿಯಲ್ಲ!"

ಕೀಪರ್ ಹೋಗಿ ಸ್ಟಂಪಿಗೆ ಅಂಟಿಕೊಂಡಂತೆ ಕುಕ್ಕರುಗಾಲಲ್ಲಿ ಕೂತ, ಎದೆಯ ಮುಂದೆ ಕೈ ಹಿಡಿದ. ಲಾರಿಯ ಮೇಲೆ ಹೇಳುವ ಹಾಗೆಯೇ, "ಹೂಂ, ಬರ್ಲಿ" ಎಂದ.

ಬಂತು. ನಡುವಿನ ಸ್ಟಂಪು ಕಿತ್ತು ತೋಟಕ್ಕೆ ಬಿತ್ತು. "ಹೂಂ, ಬರ್ಲಿ." ಇನ್ನೊಂದು ಕಿತ್ತು ಬಂತು. ಅಣ್ಣನ ತೋಳಿಗೆ ಲೋಡಿಂಗಿನ ಲಯ ಸಿಕ್ಕಿಬಿಟ್ಟಿತು. ಬುಕ್ಕಾಂಬುಧಿಯವರು ಒಬ್ಬರ ಹಿಂದೊಬ್ಬರು ಬರುತ್ತಿದ್ದರು, ಹೋಗುತ್ತಿದ್ದರು. ಕೀಪರ್ ಪ್ರತಿ ಬಾಲನ್ನೂ ಹಿಡಿದು ಬೆನ್ನ ಹಿಂದೆ ಒಪ್ಪವಾಗಿ ಜೋಡಿಸುತ್ತಿದ್ದ. ಕ್ಯಾಪ್ಟನ್ ಹೊಸ ಹೊಸ ಬಾಲು ತಂದು ಸುಸ್ತಾದ. ಮೇಷ್ಟ್ರು, "ಬಾಲು ವಾಪಸ್ ಕೊಡಪ್ಪಾ" ಎಂದರೆ, ಕೀಪರ್ ತಿರುಗಿಯೂ ನೋಡದೆ, "ಲೋಡು ತುಂಬ್ಲಿ ತಡೀರಿ ಸಾರ್" ಎಂದ.

ಆಟ ಮುಗಿಯಿತು. ಗೆದ್ದವರು ಯಾರೆಂದು ಕೇಳುವವರೇ ಇರಲಿಲ್ಲ. ಮೇಷ್ಟ್ರು ಟೋಪಿ ತೆಗೆದು ಅಣ್ಣನನ್ನು ಹತ್ತಿರ ಕರೆದರು. ಎಲ್ಲರೂ ಸುತ್ತ ಮುತ್ತಿಕೊಂಡರು. ಅಮ್ಮ ತಾರಸಿಯ ಮೇಲೆ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು.

"ಒಂದೇ ಪ್ರಶ್ನೆ ಕೇಳ್ತೀನಿ," ಎಂದರು ಮೇಷ್ಟ್ರು. "ನಿಜ ಹೇಳಿದ್ರೆ ಟೀಮಿಗೆ ತಗೋತೀನಿ. ಇಷ್ಟು ಚೆನ್ನಾಗಿ ಸ್ಟಂಪಿಗೆ ಹಾಕೋನು ಇಷ್ಟು ವರ್ಷ ಜನರನ್ನ ಯಾಕೆ ಹೊಡೀತಿದ್ದೆ? ಹೆದರಿಸಿ ಔಟ್ ಮಾಡಕ್ಕಾ?"

ಅಣ್ಣ ಕಕ್ಕಾಬಿಕ್ಕಿಯಾಗಿ ಅವರನ್ನೂ ಕೀಪರನ್ನೂ ನೋಡಿದ.

"ಯಾರನ್ನ ಹೊಡೆದೆ ಸಾರ್ ನಾನು? ನಾನು ಇವನಿಗೆ ಹಾಕ್ತಿದ್ದೆ. ಮಧ್ಯೆ ಅವರ್ಯಾರೋ ಬ್ಯಾಟು ಹಿಡ್ಕೊಂಡು ನಿಂತಿರ್ತಿದ್ರು."

ಮೇಷ್ಟ್ರು ನಿಧಾನವಾಗಿ ನೆಲದ ಮೇಲೆ ಕೂತರು. ಟೋಪಿಯಿಂದ ಮುಖ ಮುಚ್ಚಿಕೊಂಡರು, ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾರೆಂದು ಯಾರೋ ನೀರು ತರಲು ಓಡಿದರು. ಅವರು ಕಣ್ಣೊರೆಸಿಕೊಂಡು, "ಇಬ್ಬರೂ ಬನ್ರೋ. ನಿನ್ನೊಬ್ಬನನ್ನೇ ಕರ್ಕೊಂಡು ಹೋದ್ರೆ ನನ್ನನ್ನ ಜೈಲಿಗೆ ಹಾಕ್ತಾರೆ," ಎಂದರು. ತಾರಸಿಯ ಮೇಲಿಂದ ಅಮ್ಮ ಆಗಲೇ ಹಿರೇನಲ್ಲೂರಿಗೆ ಫೋನ್ ಹಚ್ಚಿದ್ದಳು.

"ಅಲ್ಲಯ್ಯ," ಎಂದರು ಮೇಷ್ಟ್ರು ಏಳುತ್ತ, "ಇಷ್ಟು ಜನ ಪಕ್ಕೆ ಹಿಡ್ಕೊಂಡು ಕೂರ್ತಿದ್ರಲ್ಲ, ಅವರಿಗೊಂದು ಮಾತು ಹೇಳ್ಬೇಕು ಅಂತ ನಿನಗೆ ಯಾವತ್ತೂ ಅನ್ನಿಸ್ಲಿಲ್ವಾ?"

"ಅನ್ನಿಸ್ತಿತ್ತು ಸಾರ್," ಎಂದ ಅಣ್ಣ. "ಸ್ವಲ್ಪ ಆ ಕಡೆ ನಿಂತ್ಕಳಿ ಅಂತ. ಆದ್ರೆ ಹೊರಗ್ನೋರು, ಏನಂದ್ಕೋತಾರೋ ಅಂತ ಸುಮ್ನಿದ್ದೆ."